ಆಮಿಶ್ ಬಡಗಿಗಳ ಊರಿನಲ್ಲಿ ಎರಡು ದಿನ

"ಈ ಮೇಜಿನ ಸುತ್ತ ದಿನಾಲೂ ಎಷ್ಟು ಮಂದಿ ಕೂತು ಉಣ್ಣುತ್ತೀರಿ?"

ಅಮೆರಿಕದ ಓಹಾಯೋ ರಾಜ್ಯದ ಒಂದು ಹಳ್ಳಿಯಲ್ಲಿ, ಟೊಪ್ಪಿಯ ಮೇಲೆಲ್ಲ ಮರದ ಹುಡಿ ಮೆತ್ತಿಕೊಂಡಿದ್ದ ಹಿರಿಯ ಬಡಗಿಯೊಬ್ಬರು ನನ್ನಲ್ಲಿ ಕೇಳಿದ ಪ್ರಶ್ನೆಯಿದು. ಮೇಜಿನ ಉದ್ದ, ಅಗಲ, ಬಣ್ಣ ಎಲ್ಲವನ್ನೂ ನಾನು ಬರೆದುಕೊಂಡು ಹೋಗಿದ್ದೆ. ಆದರೆ ಈ ಸರಳ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ಕೊಲಂಬಸ್ ನಗರದಲ್ಲಿ ನಾನು ಒಳಾಂಗಣ ವಿನ್ಯಾಸದ ಕೆಲಸ ಮಾಡುತ್ತಿದ್ದೇನೆ. ಹೊಸ ಮನೆ ಕಟ್ಟಿದವರಿಗೆ, ಹಳೆಯ ಮನೆಯನ್ನು ಹೊಸದಾಗಿಸುವವರಿಗೆ ಯಾವ ಕೋಣೆಯಲ್ಲಿ ಏನಿರಬೇಕೆಂದು ಹೇಳುವುದು ನನ್ನ ವೃತ್ತಿ. ಕಳೆದ ಅಕ್ಟೋಬರಿನಲ್ಲಿ ನಮ್ಮಂತಹ 22 ಮಂದಿಗಾಗಿ ಒಂದು ಪ್ರವಾಸ ಏರ್ಪಾಡಾಗಿತ್ತು. ಆಮಿಶ್ ಎಂಬ ಸಮುದಾಯದವರು ತಯಾರಿಸುವ ಮರದ ಪೀಠೋಪಕರಣಗಳನ್ನು ಅವರ ಊರಿಗೇ ಹೋಗಿ ನೋಡುವುದು, ಗಿರಾಕಿಗಳಿಗಾಗಿ ಬೇಕಾದುದನ್ನು ಆರಿಸುವುದು ಅದರ ಉದ್ದೇಶ. ನನಗೂ ನಮ್ಮ ಮನೆಗೊಂದು ಊಟದ ಮೇಜು ಬೇಕಿತ್ತು. ಎಂಟು ಜನ ಕೂರುವ ದೊಡ್ಡ ಮೇಜು! ಮನಸ್ಸಿನಲ್ಲಿ ಅದರ ಚಿತ್ರ ಬರೆದುಕೊಂಡೇ ಬಸ್ಸು ಹತ್ತಿದ್ದೆ.

ಕೊಲಂಬಸ್‌ನಿಂದ ಈಶಾನ್ಯ ದಿಕ್ಕಿಗೆ ಸುಮಾರು ಎರಡು ಗಂಟೆ ಪ್ರಯಾಣಿಸಿದರೆ ಹೋಮ್ಸ್ ಕೌಂಟಿ ಸಿಗುತ್ತದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯಿದ್ದಂತೆ. ಹೆದ್ದಾರಿ ಬಿಟ್ಟು ಒಳರಸ್ತೆಗೆ ತಿರುಗುತ್ತಿದ್ದಂತೆ ನೋಟವೇ ಬದಲಾಯಿತು. ಏರಿಳಿಯುವ ಗುಡ್ಡಗಳು, ಕೆಂಪು ಹಳದಿಗೆ ತಿರುಗಿದ ಮೇಪಲ್ ಮರಗಳು, ಬಿಳಿ ಬಣ್ಣದ ಮನೆಗಳು. ಆ ಮನೆಗಳಿಗೆ ವಿದ್ಯುತ್ ತಂತಿಯಿಲ್ಲ! ಅಂಗಳದಲ್ಲಿ ಬಟ್ಟೆ ಒಣಗಿಸುವ ಉದ್ದನೆಯ ಹಗ್ಗ. ಅದರಲ್ಲಿ ಸಾಲಾಗಿ ಕಡು ನೀಲಿ, ನೇರಳೆ, ಕಪ್ಪು ಬಣ್ಣದ ಉಡುಪುಗಳು. ಒಂದು ಹೂವಿನ ಚಿತ್ತಾರವೂ ಇಲ್ಲ. ಮುಂದೊಂದು ಕಪ್ಪು ಕುದುರೆ ಗಾಡಿ ಸಾಗುತ್ತಿತ್ತು. ನಮ್ಮ ಬಸ್ಸಿನ ಚಾಲಕ ಹಾರ್ನ್ ಬಾರಿಸದೆ, ಅವಸರ ಮಾಡದೆ ಅದರ ಹಿಂದೆಯೇ ನಿಧಾನವಾಗಿ ಸಾಗಿದ.

ಬಸ್ಸಿನಲ್ಲಿ ಮಾರ್ಗದರ್ಶಿ ಮಹಿಳೆ ನಮಗೆ ಕೆಲವು ಸೂಚನೆಗಳನ್ನು ಕೊಟ್ಟರು. ಅವರ ಮುಖದ ಫೋಟೋ ತೆಗೆಯಬಾರದು. ಫೋಟೋಗೆ ನಿಂತುಕೊಳ್ಳುವುದು ಅಹಂಕಾರಕ್ಕೆ ದಾರಿಯೆಂದು ಅವರು ನಂಬುತ್ತಾರೆ. ಕೇಳದೆ ಮನೆಯೊಳಗೆ ಕಾಲಿಡಬಾರದು. ಭಾನುವಾರ ಅವರ ಯಾವ ಅಂಗಡಿಯೂ ತೆರೆದಿರುವುದಿಲ್ಲ, ಎಷ್ಟು ದೊಡ್ಡ ಗಿರಾಕಿ ಬಂದರೂ ಸರಿಯೇ. ಸಹಪ್ರಯಾಣಿಕರಲ್ಲಿ ಕೆಲವರು ಪರಸ್ಪರ ಮುಖ ನೋಡಿ ನಕ್ಕರು. ನನಗೆ ಮಾತ್ರ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಯಾರು ಈ ಆಮಿಶರು?

ಯುರೋಪಿನಲ್ಲಿ 16ನೇ ಶತಮಾನದಲ್ಲಿ ಕ್ರೈಸ್ತ ಧರ್ಮದೊಳಗೆ ಸುಧಾರಣೆಯ ಚಳವಳಿ ನಡೆಯಿತಷ್ಟೆ. ಆಗ, 1525ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಒಂದು ಸಣ್ಣ ಗುಂಪು ಬೇರೆಯಾಗಿ ನಿಂತಿತು. ಏನೂ ತಿಳಿಯದ ಹಸುಗೂಸಿಗೆ ದೀಕ್ಷೆ ಕೊಡುವುದರಲ್ಲಿ ಅರ್ಥವಿಲ್ಲ, ಬೆಳೆದವರು ಸ್ವಇಚ್ಛೆಯಿಂದ ದೀಕ್ಷೆ ಪಡೆಯಬೇಕೆಂಬುದು ಅವರ ವಾದ. ಇದಕ್ಕಾಗಿ ಅವರನ್ನು ನೀರಿನಲ್ಲಿ ಮುಳುಗಿಸಿ, ಬೆಂಕಿಯಲ್ಲಿ ಸುಟ್ಟು ಕೊಲ್ಲಲಾಯಿತು. ಈ ಪಂಗಡದೊಳಗಿಂದಲೇ 1693ರಲ್ಲಿ ಜೇಕಬ್ ಅಮ್ಮಾನ್ ಎಂಬ ಧಾರ್ಮಿಕ ಮುಖಂಡ ಇನ್ನಷ್ಟು ಕಟ್ಟುನಿಟ್ಟಿನ ಶಾಖೆಯೊಂದನ್ನು ಹುಟ್ಟುಹಾಕಿದ. ಅವನ ಹೆಸರಿನಿಂದಲೇ 'ಆಮಿಶ್' ಎಂಬ ಹೆಸರು ಬಂತು. 18ನೇ ಶತಮಾನದಲ್ಲಿ ಅವರು ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದರು. 1809ರಲ್ಲಿ ಅವರಲ್ಲೊಬ್ಬ ಓಹಾಯೋದ ವಾಲ್‌ನಟ್ ಕ್ರೀಕ್ ಬಳಿ ಬಂದು ನೆಲೆಸಿದ. ಅದು ಹೋಮ್ಸ್ ಕೌಂಟಿಯ ಆಮಿಶ್ ನೆಲೆಯ ಆರಂಭ.

ಇಂದು ಈ ಹೋಮ್ಸ್ ನೆಲೆಯಲ್ಲಿ 35 ಸಾವಿರಕ್ಕೂ ಹೆಚ್ಚು ಆಮಿಶರಿದ್ದಾರೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಬಿಟ್ಟರೆ ಇದೇ ಅತಿ ದೊಡ್ಡದು. ಉತ್ತರ ಅಮೆರಿಕದಲ್ಲಿ ಅವರ ಒಟ್ಟು ಸಂಖ್ಯೆ 2024ರ ಹೊತ್ತಿಗೆ 4 ಲಕ್ಷ ತಲುಪಿದೆ. ಆಧುನಿಕ ಜಗತ್ತಿನಲ್ಲಿ ಇವರು ಅಳಿದು ಹೋಗುತ್ತಾರೆಂದು ಊಹಿಸಿದವರ ಲೆಕ್ಕಾಚಾರ ತಪ್ಪಾಯಿತು. ಸುಮಾರು 20 ವರ್ಷಗಳಿಗೊಮ್ಮೆ ಅವರ ಸಂಖ್ಯೆ ಇಮ್ಮಡಿಯಾಗುತ್ತಿದೆ.

ಬರ್ಲಿನ್ ಎಂಬ ಪಟ್ಟಣದಲ್ಲಿರುವ ಪರಂಪರೆ ಕೇಂದ್ರಕ್ಕೆ ನಮ್ಮ ಮೊದಲ ಭೇಟಿ. ಅಲ್ಲಿ ಈ ಇಡೀ ಚರಿತ್ರೆಯನ್ನು ವೃತ್ತಾಕಾರದ ಒಂದು ಭಾರೀ ವರ್ಣಚಿತ್ರದಲ್ಲಿ ಬಿಡಿಸಿದ್ದಾರೆ. 10 ಅಡಿ ಎತ್ತರ, 265 ಅಡಿ ಉದ್ದ! ಹೈಂಜ್ ಗೌಗೆಲ್ ಎಂಬ ಕಲಾವಿದ ವರ್ಷಗಟ್ಟಲೆ ದುಡಿದು 1992ರಲ್ಲಿ ಇದನ್ನು ಪೂರ್ತಿಗೊಳಿಸಿದರು. ಚಿತ್ರದ ಹೆಸರು 'ಬೆಹಾಲ್ಟ್'. ಜರ್ಮನ್ ಭಾಷೆಯ ಈ ಪದಕ್ಕೆ 'ಮರೆಯದೆ ಉಳಿಸಿಕೋ' ಎಂಬರ್ಥ.

ಅಲ್ಲಿ ತಿಳಿದ ಇನ್ನೊಂದು ವಿಷಯ ನನ್ನನ್ನು ಮುಗುಳ್ನಗುವಂತೆ ಮಾಡಿತು. ಆಮಿಶರು ಮನೆಯಲ್ಲಿ ಜರ್ಮನ್ ಮೂಲದ ತಮ್ಮದೇ ಆಡುಮಾತು ಆಡುತ್ತಾರೆ. ಪ್ರಾರ್ಥನೆ, ಧರ್ಮಗ್ರಂಥಗಳಿಗೆ ಹಳೆಯ ಶಿಷ್ಟ ಜರ್ಮನ್. ಹೊರಗಿನವರೊಡನೆ ಇಂಗ್ಲಿಷ್. ಮನೆಯಲ್ಲಿ ಬ್ಯಾರಿ, ನಮಾಝ್‌ಗೆ ಅರಬಿ, ಶಾಲೆಯಲ್ಲಿ ಕನ್ನಡ ಎಂದು ಮೂರು ಭಾಷೆಗಳಲ್ಲಿ ಬೆಳೆದ ನನಗೆ ಇದು ನಮ್ಮ ಕಥೆಯೇ ಅನ್ನಿಸಿತು.

ವಿದ್ಯುತ್ತಿಲ್ಲದ ಕಾರ್ಖಾನೆ

ಮಧ್ಯಾಹ್ನಕ್ಕೆ ಮುಂಚೆ ಒಂದು ಮರಗೆಲಸದ ಕಾರ್ಯಾಗಾರ ಹೊಕ್ಕೆವು. ಕೈಯಲ್ಲಿ ಉಳಿ, ಸುತ್ತಿಗೆ ಹಿಡಿದು ಮುದುಕನೊಬ್ಬ ಕೂತಿರುವ ದೃಶ್ಯ ನಮ್ಮೆಲ್ಲರ ಕಲ್ಪನೆಯಲ್ಲಿತ್ತು. ಒಳಗೆ ಹೋದರೆ ಗರಗಸದ ಯಂತ್ರಗಳು ಭರ್ರೆಂದು ತಿರುಗುತ್ತಿವೆ! ನನ್ನ ಪಕ್ಕದಲ್ಲಿದ್ದವರು "ಇವರಿಗೆ ವಿದ್ಯುತ್ ನಿಷಿದ್ಧವಲ್ಲವೇ?" ಎಂದು ಅಚ್ಚರಿಯಿಂದ ಕೇಳಿಯೇಬಿಟ್ಟರು.

ಯಜಮಾನರು ನಗುತ್ತಾ ನಮ್ಮನ್ನು ಹಿಂಬದಿಯ ಸಣ್ಣ ಕೊಟ್ಟಿಗೆಯಂತಹ ಕೋಣೆಗೆ ಕರೆದೊಯ್ದರು. ಅಲ್ಲೊಂದು ಡೀಸೆಲ್ ಎಂಜಿನ್ ಓಡುತ್ತಿತ್ತು. ಅದು ಗಾಳಿಯನ್ನು ಒತ್ತಿ ದೊಡ್ಡ ಟ್ಯಾಂಕಿಯಲ್ಲಿ ತುಂಬಿಸುತ್ತದೆ. ಅಲ್ಲಿಂದ ಕೊಳವೆಗಳ ಮೂಲಕ ಹೋಗುವ ಗಾಳಿಯ ಒತ್ತಡದಿಂದ ಮರ ಉಜ್ಜುವ, ತೂತು ಕೊರೆಯುವ ಉಪಕರಣಗಳು ನಡೆಯುತ್ತವೆ. ದೊಡ್ಡ ಗರಗಸಗಳಿಗೆ ಎಣ್ಣೆಯ ಒತ್ತಡ ಬಳಸುತ್ತಾರೆ. ಬೆಳಕಿಗಾಗಿ ಮಾಡಿನಲ್ಲಿ ಅಗಲವಾದ ಬೆಳಕಿಂಡಿಗಳಿವೆ.

ಹಾಗಾದರೆ ತಂತಿ ಎಳೆದು ವಿದ್ಯುತ್ತನ್ನೇ ಪಡೆದರೇನು ತಪ್ಪು? ಯಂತ್ರ ಎಂದರೆ ಪಾಪ ಎಂದು ಅವರು ಹೇಳುವುದಿಲ್ಲ. ಒಂದು ಹೊಸ ವಸ್ತು ಬಂದಾಗ, ಅದು ನಮ್ಮ ಮನೆಯವರನ್ನು, ನೆರೆಹೊರೆಯವರನ್ನು ಹತ್ತಿರ ತರುತ್ತದೆಯೋ ದೂರ ಮಾಡುತ್ತದೆಯೋ ಎಂದು ಊರಿನವರೆಲ್ಲ ಸೇರಿ ಯೋಚಿಸುತ್ತಾರೆ. ತಂತಿ ಬಂದರೆ ಅದರ ಹಿಂದೆ ಟಿ.ವಿ., ಇಂಟರ್ನೆಟ್ ಎಲ್ಲವೂ ಮನೆಯೊಳಗೆ ಬರುತ್ತವೆ. ಆದ್ದರಿಂದ ತಂತಿ ಬೇಡ. ಕಾರು ಇದ್ದರೆ ಮಕ್ಕಳು ದೂರ ಹೋಗಿ ನೆಲೆಸುತ್ತಾರೆ, ಆದ್ದರಿಂದ ಕಾರು ಸ್ವಂತಕ್ಕೆ ಬೇಡ, ಅಗತ್ಯಕ್ಕೆ ಬಾಡಿಗೆಗೆ ಕರೆಯಬಹುದು. ಫೋನು ಮನೆಯೊಳಗೆ ಬೇಡ. ಅನೇಕರು ರಸ್ತೆ ಬದಿಯ ಸಣ್ಣ ಗೂಡಿನಲ್ಲಿ ಅದನ್ನು ಇಟ್ಟುಕೊಂಡಿದ್ದಾರೆ. ಈ ನಿಯಮಗಳು ಎಲ್ಲ ಕಡೆ ಒಂದೇ ಅಲ್ಲ. ಪ್ರತಿ 20-40 ಕುಟುಂಬಗಳ ಒಂದೊಂದು ಘಟಕಕ್ಕೂ ತನ್ನದೇ ನಿಯಮಾವಳಿಯಿದೆ. ಹೋಮ್ಸ್‌ನಲ್ಲಿ ಬ್ಯಾಟರಿ ಸೈಕಲ್ ಓಡಿಸುವ ಆಮಿಶರೂ ಇದ್ದಾರೆ, ಕುದುರೆ ಗಾಡಿಗೆ ಕಿತ್ತಳೆ ಬಣ್ಣದ ಎಚ್ಚರಿಕೆಯ ಫಲಕವನ್ನೂ ಒಪ್ಪದ ಅತಿ ಕಟ್ಟುನಿಟ್ಟಿನವರೂ ಇದ್ದಾರೆ.

ಕೆಲಸದ ಗುಣಮಟ್ಟ ನೋಡಿ ನಾವೆಲ್ಲ ಬೆರಗಾದೆವು. ಓಕ್, ಚೆರ್ರಿ, ಮೇಪಲ್, ಹಿಕರಿ, ಅಕ್ರೋಟು ಇವು ಆ ಸೀಮೆಯ ಗಟ್ಟಿ ಮರಗಳು. ಹಲಗೆಗಳನ್ನು ಒಲೆಯಂತಹ ಕೋಣೆಯಲ್ಲಿಟ್ಟು ತೇವಾಂಶ ಶೇಕಡಾ 6ರಿಂದ 8ಕ್ಕೆ ಇಳಿಯುವವರೆಗೆ ಒಣಗಿಸುತ್ತಾರೆ. ಇಲ್ಲದಿದ್ದರೆ ಚಳಿಗಾಲದಲ್ಲಿ ಮನೆಯೊಳಗಿನ ಹೀಟರಿನ ಬಿಸಿಗೆ ಮೇಜು ಬಿರುಕು ಬಿಡುತ್ತದೆ. ಬಿಳಿ ಓಕ್ ದಿಮ್ಮಿಯನ್ನು ಮೊದಲು ಉದ್ದಕ್ಕೆ ನಾಲ್ಕು ಹೋಳು ಮಾಡಿ, ಆಮೇಲೆ ಹಲಗೆ ಸೀಳುವ ಒಂದು ಕ್ರಮವಿದೆ. ಹಾಗೆ ಸೀಳಿದರೆ ಮರ ಹೆಚ್ಚು ಪೋಲಾಗುತ್ತದೆ, ಆದರೆ ಹಲಗೆ ಡೊಂಕಾಗುವುದು ಕಡಿಮೆ. ಮೇಲ್ಮೈಯಲ್ಲಿ ರೇಷ್ಮೆಯಂತೆ ಹೊಳೆಯುವ ಗೀರುಗಳೂ ಮೂಡುತ್ತವೆ.

ಡ್ರಾವರೊಂದನ್ನು ಎಳೆದು ಅದರ ಮೂಲೆ ನೋಡಲು ಯಜಮಾನರು ಹೇಳಿದರು. ಎರಡು ಹಲಗೆಗಳು ಬೆರಳಿಗೆ ಬೆರಳು ಹೆಣೆದಂತೆ ಒಂದರೊಳಗೊಂದು ಕೂತಿದ್ದವು. ಇದಕ್ಕೆ ಡವ್‌ಟೇಲ್ ಜಾಯಿಂಟ್ ಎನ್ನುತ್ತಾರೆ. "ಮೊಳೆ ಸಡಿಲವಾಗುತ್ತದೆ, ಇದು ಎಳೆದಷ್ಟೂ ಬಿಗಿಯಾಗುತ್ತದೆ" ಎಂದರು ಅವರು. ಮೇಜಿನ ಮೇಲ್ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಜೋಡಿಸುವಾಗ ಸ್ಕ್ರೂ ಹಾಕುವ ತೂತನ್ನು ತುಸು ಉದ್ದವಾಗಿ ಬಿಡುತ್ತಾರೆ. ಋತು ಬದಲಾದಂತೆ ಮರ ಹಿಗ್ಗಿ ಕುಗ್ಗುತ್ತದೆ, ಅದಕ್ಕೆ ಅಲುಗಾಡಲು ಜಾಗ ಬೇಕು. "ಕಡಿದು ನೂರು ವರ್ಷವಾದರೂ ಮರ ಉಸಿರಾಡುತ್ತದೆ" ಎಂದು ಅವರು ಹೇಳಿದಾಗ ಊರಿನ ನಮ್ಮ ಅಜ್ಜಿ ಮನೆಯ ಹಲಸಿನ ಮರದ ಬಾಗಿಲು ನೆನಪಾಯಿತು. ಮಳೆಗಾಲದಲ್ಲಿ ಅದನ್ನು ಭುಜ ಕೊಟ್ಟು ದೂಡಬೇಕಿತ್ತು. ಬೇಸಿಗೆಯಲ್ಲಿ ತಾನಾಗಿಯೇ ತೆರೆದುಕೊಳ್ಳುತ್ತಿತ್ತು.

ಬಡಗಿಯ ಕೆಲಸಕ್ಕೆ ನಮ್ಮ ಸಮಾಜದಲ್ಲಿ ಸಿಗಬೇಕಾದ ಗೌರವ ಸಿಗುತ್ತಿದೆಯೇ? ಪ್ರವಾದಿ ಝಕರಿಯ್ಯಾ(ಅ) ಬಡಗಿಯಾಗಿದ್ದರೆಂದು ಹದೀಸ್‌ನಲ್ಲಿದೆ. ಮದೀನಾದ ಮಸೀದಿಯಲ್ಲಿ ಪ್ರವಾದಿ(ಸ)ಯವರಿಗಾಗಿ ಮಿಂಬರ್ ಮಾಡಿಸಿಕೊಟ್ಟವರು ಒಬ್ಬ ಅನ್ಸಾರಿ ಮಹಿಳೆ. ಬಡಗಿಯಾಗಿದ್ದ ಆಕೆಯ ಸೇವಕ ಅದನ್ನು ತಯಾರಿಸಿದ. ಇಷ್ಟು ದೊಡ್ಡ ಪರಂಪರೆಯಿದ್ದೂ ನಾವು ಮಕ್ಕಳನ್ನು ಹೆದರಿಸುವುದು "ಓದದಿದ್ದರೆ ಮರಗೆಲಸಕ್ಕೆ ಹೋಗಬೇಕಾದೀತು" ಎಂದೇ ಅಲ್ಲವೇ?

ಹೊಲ ಬಿಟ್ಟು ಮರ ಹಿಡಿದದ್ದು ಯಾಕೆ?

ಆಮಿಶರು ಮೂಲತಃ ರೈತರು. ಮರಗೆಲಸ ಅವರ ಪ್ರಾಚೀನ ಕುಲಕಸುಬು ಎಂದು ನಾನು ತಿಳಿದಿದ್ದೆ. ಅದು ತಪ್ಪೆಂದು ಅಲ್ಲಿ ತಿಳಿಯಿತು. ಮಕ್ಕಳ ಸಂಖ್ಯೆ ಹೆಚ್ಚಿದಂತೆ ಎಲ್ಲರಿಗೂ ಹಂಚಲು ಭೂಮಿ ಸಾಲಲಿಲ್ಲ. ಜಮೀನಿನ ಬೆಲೆ ಗಗನಕ್ಕೇರಿತು. 1970-80ರ ದಶಕಗಳಲ್ಲಿ ಗಂಡಸರು ಹೊರಗಿನ ಕಾರ್ಖಾನೆಗಳಿಗೆ ದುಡಿಯಲು ಹೋಗತೊಡಗಿದರು. ಸಂಬಳವೇನೋ ಚೆನ್ನಾಗಿತ್ತು. ಆದರೆ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟ ತಂದೆ ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದ. ಮಧ್ಯಾಹ್ನದ ಊಟಕ್ಕೆ ಅವನಿಲ್ಲ. ಮಗ ತಂದೆಯ ಕೆಲಸ ನೋಡಿ ಕಲಿಯುವಂತಿಲ್ಲ. ಇದನ್ನು ಅವರ ಹಿರಿಯರು 'ಊಟದ ಡಬ್ಬಿಯ ಅಪಾಯ' ಎಂದು ಗುರುತಿಸಿದರು. ನೋಡಿ, ಅವರು ಹೆದರಿದ್ದು ಬಡತನಕ್ಕಲ್ಲ, ತಂದೆ ಊಟದ ಮೇಜಿನಲ್ಲಿ ಇಲ್ಲದಿರುವುದಕ್ಕೆ!

ಅದಕ್ಕೆ ಅವರು ಕಂಡುಕೊಂಡ ಪರಿಹಾರಗಳಲ್ಲಿ ದೊಡ್ಡದು ಮನೆಯ ಹಿತ್ತಲಿನಲ್ಲೇ ಮರಗೆಲಸದ ಕಾರ್ಯಾಗಾರ. ಇಂದು ಹೋಮ್ಸ್ ಮತ್ತು ಸುತ್ತಮುತ್ತ ಇಂತಹ ನೂರಾರು ಘಟಕಗಳಿವೆ. ಹೆಚ್ಚಿನವು ಸಣ್ಣವು. ತಂದೆ, ಇಬ್ಬರು ಮಕ್ಕಳು, ಒಬ್ಬ ಅಳಿಯ, ಒಬ್ಬಿಬ್ಬರು ನೆರೆಯವರು, ಅಷ್ಟೆ. ಒಬ್ಬರೇ ಎಲ್ಲವನ್ನೂ ಮಾಡುವುದಿಲ್ಲ. ಒಂದು ಮನೆಯವರು ಕುರ್ಚಿ ಮಾತ್ರ, ಇನ್ನೊಂದು ಮನೆಯವರು ಮೇಜು ಮಾತ್ರ, ಮತ್ತೊಬ್ಬರು ಮೇಜಿನ ಕಾಲು ಕಡೆಯುವುದು ಮಾತ್ರ. ಬಣ್ಣ, ವಾರ್ನಿಷ್ ಕೊಡುವವರು ಬೇರೆಯೇ. ಹೀಗೆ ಒಂದು ಊಟದ ಮೇಜಿನ ಸೆಟ್ಟಿನಲ್ಲಿ ನಾಲ್ಕೈದು ಮನೆಗಳ ಅನ್ನವಿರುತ್ತದೆ. ಚಾರ್ಮ್ ಎಂಬ ಹಳ್ಳಿಯಲ್ಲಿ 1911ರಿಂದ ನಡೆಯುತ್ತಿರುವ ಕೈಮ್ ಎಂಬ ದೊಡ್ಡ ಮರದ ಮಳಿಗೆಯನ್ನು ಮರುದಿನ ನೋಡಿದೆವು. ಈ ಸೀಮೆಯ ಮರಗೆಲಸಕ್ಕೆ ಬೇಕಾದ ಹಲಗೆ, ಹತ್ಯಾರು ಎಲ್ಲವೂ ಅಲ್ಲಿ ಸಿಗುತ್ತವೆ.

ಕಷ್ಟಗಳಿಲ್ಲವೆಂದಲ್ಲ. ಚೀನಾದಿಂದ ಬರುವ ಅಗ್ಗದ ಪೀಠೋಪಕರಣ, 2008ರ ಆರ್ಥಿಕ ಕುಸಿತ ಎರಡೂ ಇವರನ್ನು ಬಾಧಿಸಿದವು. 'ಆಮಿಶ್' ಎಂಬ ಹೆಸರಿನ ಮೇಲೆ ಯಾರ ಹಕ್ಕೂ ಇಲ್ಲದಿರುವುದರಿಂದ ಅವರ ಕೈ ತಾಗದ ವಸ್ತುಗಳೂ 'ಆಮಿಶ್ ಶೈಲಿ' ಎಂಬ ಚೀಟಿ ಅಂಟಿಸಿಕೊಂಡು ಮಾರಾಟವಾಗುತ್ತವೆ. ಕೊಳ್ಳುವವರು ಡ್ರಾವರಿನ ಹಿಂಭಾಗ, ಮೇಜಿನ ಅಡಿಭಾಗ ನೋಡಬೇಕು, ಯಾರು ಮಾಡಿದ್ದೆಂದು ಕೇಳಬೇಕು ಎಂಬುದು ಮಾರ್ಗದರ್ಶಿ ನಮಗೆ ಕಲಿಸಿದ ಪಾಠ. ಇದು ನಮ್ಮೂರಿನ ಪೀಠೋಪಕರಣದ ಅಂಗಡಿಗೂ ಅನ್ವಯಿಸುವ ಮಾತು. ಹೊಳಪು ಮೇಲ್ಗಡೆ ಇರುತ್ತದೆ, ನಿಜ ಸಂಗತಿ ಅಡಿಯಲ್ಲಿರುತ್ತದೆ.

ಬೆಂಚುಗಳ ಗಾಡಿ

ಝುಹ್ರ್ ನಮಾಝ್‌ನ ಸಮಯವಾಗಿತ್ತು. ಕಾರ್ಯಾಗಾರದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಯುವತಿಯಲ್ಲಿ, ಪ್ರಾರ್ಥನೆಗೆ ಒಂದು ಶುಚಿಯಾದ ಮೂಲೆ ಸಿಗಬಹುದೇ ಎಂದು ಹಿಂಜರಿಯುತ್ತಲೇ ಕೇಳಿದೆ. ಬಿಳಿ ಶಿರವಸ್ತ್ರ, ತೋಳು ಮುಚ್ಚಿದ ಕಡು ಹಸಿರು ಉಡುಪು ಧರಿಸಿದ್ದ ಆಕೆ ಯಜಮಾನರ ಮಗಳು. ಒಂದು ಮಾತೂ ಕೇಳದೆ ನನ್ನನ್ನು ಮನೆಯೊಳಗೆ ಕರೆದೊಯ್ದಳು. ವುಝೂಗೆ ನೀರು ತೋರಿಸಿದಳು. ಖಾಲಿ ಕೋಣೆಯೊಂದರ ಬಾಗಿಲು ಎಳೆದುಕೊಂಡು ಹೊರಗೆ ನಿಂತಳು.

ನಮಾಝ್ ಮುಗಿಸಿ ಬಂದಾಗ ಆಕೆಯೇ ಮಾತು ತೆಗೆದಳು. "ನೀವು ಯಾವಾಗಲೂ ತಲೆ ಮುಚ್ಚುತ್ತೀರಾ?"

"ಹೌದು, ಅನ್ಯ ಪುರುಷರ ಮುಂದೆ ಮತ್ತು ಪ್ರಾರ್ಥನೆಯಲ್ಲಿ. ಅಲ್ಲಾಹನ ಆದೇಶ. ನೀವು?"

"ನಮಗೆ ಬೈಬಲ್‌ನ ಆದೇಶ. ಪೇಟೆಗೆ ಹೋದರೆ ಜನ ದುರುಗುಟ್ಟಿ ನೋಡುತ್ತಾರೆ. ನಿಮ್ಮನ್ನೂ ನೋಡುತ್ತಾರಾ?"

"ನೋಡುತ್ತಾರೆ."

ಇಬ್ಬರೂ ನಕ್ಕೆವು.

ಆ ಕೋಣೆ ಯಾಕೆ ಅಷ್ಟು ದೊಡ್ಡದಾಗಿತ್ತೆಂದು ನನಗೆ ಕುತೂಹಲವಿತ್ತು. ವೃತ್ತಿಯ ಅಭ್ಯಾಸ ನೋಡಿ! ಆಕೆ ವಿವರಿಸಿದಳು. ಆಮಿಶರಿಗೆ ಚರ್ಚ್ ಎಂಬ ಕಟ್ಟಡವೇ ಇಲ್ಲ. ಎರಡು ವಾರಕ್ಕೊಮ್ಮೆ, ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ. ಅದಕ್ಕಾಗಿಯೇ ಅನೇಕ ಮನೆಗಳಲ್ಲಿ ಕೋಣೆಗಳ ನಡುವಿನ ಗೋಡೆ ಸರಿಸಬಹುದಾದ ಮರದ ಗೋಡೆ. ಗೋಡೆ ಸರಿಸಿದರೆ ನೂರಕ್ಕೂ ಮಿಕ್ಕಿ ಜನ ಕೂರಬಹುದು. ಬೆನ್ನು ಒರಗಿಸಲಾಗದ ಮರದ ಬೆಂಚುಗಳನ್ನು ತುಂಬಿದ ಗಾಡಿಯೊಂದು ಮನೆಯಿಂದ ಮನೆಗೆ ಸಾಗುತ್ತದೆ. ಪ್ರಾರ್ಥನೆ ಮುಗಿದ ಕೂಡಲೇ ಅದೇ ಬೆಂಚುಗಳನ್ನು ಎತ್ತರದ ಕಾಲುಗಳ ಮೇಲೆ ಜೋಡಿಸಿ ಊಟದ ಮೇಜು ಮಾಡುತ್ತಾರೆ. ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ. ಊಟಕ್ಕೆ ಮುಂಚೆ ಮತ್ತು ಊಟದ ನಂತರ ತಲೆ ತಗ್ಗಿಸಿ ಮೌನವಾಗಿ ಪ್ರಾರ್ಥಿಸುತ್ತಾರೆ. ನಾವು ಬಿಸ್ಮಿಲ್ಲಾಹ್ ಎಂದು ಆರಂಭಿಸಿ ಅಲ್‌ಹಮ್ದುಲಿಲ್ಲಾಹ್ ಎಂದು ಮುಗಿಸುವಂತೆ.

ಮನೆಯ ನಕ್ಷೆಯೇ ಅತಿಥಿಗಳಿಗಾಗಿ ತಯಾರಾಗಿದೆ! 'ಮಾಸ್ಟರ್ ಬೆಡ್‌ರೂಮ್ ಇನ್ನೂ ದೊಡ್ಡದಿರಲಿ' ಎನ್ನುವ ಗಿರಾಕಿಗಳನ್ನೇ ಕಂಡಿರುವ ನನಗೆ ಇದು ಹೊಸತು.

ಅವರ ಊಟದ ಮೇಜನ್ನೂ ನೋಡಿದೆ. ಅದೇ ಓಕ್ ಮರ, ಅದೇ ಗಟ್ಟಿ ಕೆಲಸ. ಆದರೆ ಕೆತ್ತನೆಯಿಲ್ಲ, ಹೊಳಪಿಲ್ಲ. ಒಂದು ಬದಿಗೆ ಕುರ್ಚಿಗಳು, ಇನ್ನೊಂದು ಬದಿಗೆ ಮಕ್ಕಳಿಗಾಗಿ ಉದ್ದನೆಯ ಬೆಂಚು. ಕಾರ್ಯಾಗಾರದಲ್ಲಿ ಸಾವಿರಾರು ಡಾಲರಿನ ಕೆತ್ತನೆಯ ಮೇಜುಗಳನ್ನು ಮಾಡುವವರ ಮನೆಯಲ್ಲಿ ಇಷ್ಟು ಸಾದಾ ಮೇಜೇ? ಆಕೆಯನ್ನು ಕೇಳಿದೆ. "ಅದು ಇಂಗ್ಲಿಷರಿಗೆ" ಎಂದಳು. ಆಮಿಶರಲ್ಲದವರೆಲ್ಲ ಅವರ ಪಾಲಿಗೆ 'ಇಂಗ್ಲಿಷರು'. ಮಂಗಳೂರಿನಿಂದ ಬಂದ ನಾನೂ ಅಂದು ಇಂಗ್ಲಿಷಳೇ!

ಹೊಸದನ್ನು ಹಳತು ಮಾಡುವವರು

ಮಧ್ಯಾಹ್ನದ ನಂತರ ಬಣ್ಣ ಕೊಡುವ ಘಟಕವೊಂದರಲ್ಲಿ ಕಂಡ ದೃಶ್ಯ ನನ್ನ ಮನಸ್ಸಿನಿಂದ ಮಾಸುವಂತಿಲ್ಲ. ಹದಿಹರೆಯದ ಹುಡುಗನೊಬ್ಬ ಆಗಷ್ಟೇ ಸಿದ್ಧವಾದ ಸುಂದರ ಮೇಜಿನ ಮೇಲ್ಹಲಗೆಗೆ ಕಬ್ಬಿಣದ ಸರಪಳಿಯಿಂದ ಬಾರಿಸುತ್ತಿದ್ದ! ಅಲ್ಲಲ್ಲಿ ಮೊಳೆಯಿಂದ ತೂತು ಮಾಡುತ್ತಿದ್ದ, ಅಂಚುಗಳನ್ನು ಉಜ್ಜಿ ಸವೆಸುತ್ತಿದ್ದ. ಏನಿದೆಂದು ಕೇಳಿದರೆ, ತಲೆಮಾರುಗಳಿಂದ ಬಳಸಿದ ಹಳೆಯ ಮೇಜಿನಂತೆ ಕಾಣಬೇಕೆಂದು ಗಿರಾಕಿಗಳು ಬಯಸುತ್ತಾರಂತೆ. ನಮ್ಮ ಗುಂಪಿನ ಹಲವರು ಅದನ್ನು ನೋಡಿ ಸಂತೋಷದಿಂದ ಚಿತ್ರ ತೆಗೆದರು. ಮೇಜಿನದ್ದು, ಹುಡುಗನದ್ದಲ್ಲ.

ಸುಳ್ಳೇಕೆ ಹೇಳಲಿ, ನಾನೂ ಗಿರಾಕಿಗಳಿಗೆ ಅಂತಹ ಮೇಜುಗಳನ್ನು ಸೂಚಿಸಿದ್ದೇನೆ. ಅವರ ಮನೆಯಲ್ಲಿ ನಿಜವಾಗಿಯೂ ಮೂವತ್ತು ವರ್ಷ ಬಳಸಿದ, ಮಕ್ಕಳು ಪೆನ್ಸಿಲಿನಿಂದ ಗೀಚಿದ, ಬಿಸಿ ಪಾತ್ರೆಯ ಗುರುತಿರುವ ಮೇಜು ಇರುತ್ತದೆ. ಅದನ್ನು ಎಸೆಯಿರಿ ಎನ್ನುತ್ತೇನೆ. ಬದಲಿಗೆ ಸರಪಳಿಯಿಂದ ಹೊಡೆಸಿಕೊಂಡ ಹೊಸ ಮೇಜು ತನ್ನಿ ಎನ್ನುತ್ತೇನೆ. ಕುರ್‌ಆನ್ ದುಂದುವೆಚ್ಚವನ್ನು ಅಷ್ಟೊಂದು ಕಠಿಣವಾಗಿ ಖಂಡಿಸಿರುವುದನ್ನು ಓದುವಾಗ ಮದುವೆಯ ಅಬ್ಬರ, ಔತಣದ ಎಂಜಲು ಅನ್ನ ಮಾತ್ರ ನಮಗೆ ನೆನಪಾಗುತ್ತದೆ. ಇದ್ದುದರ ಬಗ್ಗೆ ಇನ್ನೊಬ್ಬರಿಗೆ ಅತೃಪ್ತಿ ಹುಟ್ಟಿಸುವುದೂ ಅದರಲ್ಲಿ ಸೇರುತ್ತದೆಯೇ? ಆ ದಿನ ಈ ಪ್ರಶ್ನೆ ನನ್ನನ್ನು ಚುಚ್ಚಿತು.

ಒಪ್ಪಲಾಗದ ಸಂಗತಿ

ಹಾಗೆಂದು ಆಮಿಶರ ಬದುಕೆಲ್ಲ ಅನುಕರಣೀಯ ಎಂದು ಹೇಳಲಾರೆ. ಅವರ ಮಕ್ಕಳ ಶಾಲೆ 8ನೇ ತರಗತಿಗೆ ಮುಗಿಯುತ್ತದೆ. ಇದಕ್ಕಾಗಿ ಅವರು ನ್ಯಾಯಾಲಯಕ್ಕೂ ಹೋದರು. ಧಾರ್ಮಿಕ ಸ್ವಾತಂತ್ರ್ಯದ ಆಧಾರದಲ್ಲಿ ಅಮೆರಿಕದ ಸುಪ್ರೀಮ್ ಕೋರ್ಟ್ 1972ರಲ್ಲಿ ಅವರ ಪರವಾಗಿ ತೀರ್ಪು ನೀಡಿತು. ಅಲ್ಪಸಂಖ್ಯಾತರ ಹಕ್ಕಿನ ದೃಷ್ಟಿಯಿಂದ ಅದು ಮಹತ್ವದ ತೀರ್ಪು. ಆದರೆ ಲೆಕ್ಕದಲ್ಲಿ ಅಷ್ಟು ಚುರುಕಾಗಿದ್ದ ಆ ಯುವತಿ ಹದಿನಾಲ್ಕಕ್ಕೇ ಓದು ನಿಲ್ಲಿಸಿದವಳೆಂದು ತಿಳಿದಾಗ ನನಗೆ ಬೇಸರವಾಯಿತು. ಜ್ಞಾನಾರ್ಜನೆಯನ್ನು ಕಡ್ಡಾಯಗೊಳಿಸಿದ ಧರ್ಮ ನಮ್ಮದು. ದೀಕ್ಷೆ ಪಡೆದ ಬಳಿಕ ಸಮುದಾಯ ತೊರೆದವರನ್ನು ಬಹಿಷ್ಕರಿಸುವ ಪದ್ಧತಿಯೂ ಅವರಲ್ಲಿದೆ. ಸ್ವಂತ ಅಣ್ಣನೊಡನೆ ಒಂದೇ ಮೇಜಿನಲ್ಲಿ ಉಣ್ಣಲಾಗದ ಸ್ಥಿತಿ ಬರುವುದೂ ಉಂಟು. ಕೂಡಿಸುವ ಮೇಜೇ ಅಲ್ಲಿ ಬೇರ್ಪಡಿಸುವುದಕ್ಕೂ ಬಳಕೆಯಾಗುತ್ತದೆ.

ಆದರೂ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳು ದೊಡ್ಡವರಾದ ಮೇಲೆ ಸ್ವಇಚ್ಛೆಯಿಂದ ಅದೇ ಬದುಕನ್ನು ಆರಿಸಿಕೊಳ್ಳುತ್ತಾರೆ. ಅದಕ್ಕೆ ಒಂದಲ್ಲ, ಹಲವು ಕಾರಣಗಳಿರಬಹುದು. ತಂದೆಯ ಪಕ್ಕದಲ್ಲಿ ನಿಂತು ಕೆಲಸ ಕಲಿತು, ದಿನವೂ ಒಂದೇ ಮೇಜಿನಲ್ಲಿ ಕೂತು ಉಂಡದ್ದು ಅದರಲ್ಲಿ ಒಂದಾಗಿರಬಹುದು.

ಆ ಪ್ರಶ್ನೆ

ಎರಡನೆಯ ದಿನ ಸಂಜೆ, ಹೊರಡುವ ಮೊದಲು ಮೇಜಿನ ಆರ್ಡರ್ ಕೊಡಲು ನಿನ್ನೆಯ ಯಜಮಾನರ ಬಳಿಗೆ ಬಂದೆ. ಎಂಟು ಜನರ ಮೇಜು, ಬಿಳಿ ಓಕ್, ಅಂಚಿಗೆ ಕೆತ್ತನೆ ಎಂದೆ. ಅವರು ಬರೆದುಕೊಳ್ಳಲಿಲ್ಲ. ಕಿವಿಯ ಹಿಂದಿನ ಪೆನ್ಸಿಲ್ ತೆಗೆಯುತ್ತಾ ಆ ಪ್ರಶ್ನೆ ಕೇಳಿದರು. "ದಿನಾಲೂ ಎಷ್ಟು ಮಂದಿ ಕೂತು ಉಣ್ಣುತ್ತೀರಿ?"

ನಾವು ನಾಲ್ವರು ಎನ್ನಲು ಬಾಯಿ ತೆರೆದೆ. ಆದರೆ ಅದು ನಿಜವಾಗಿರಲಿಲ್ಲ. ನಮ್ಮವರ ಊಟ ಕಂಪ್ಯೂಟರಿನ ಮುಂದೆ, ರಾತ್ರಿ ಹತ್ತಕ್ಕೆ. ಮಗನದ್ದು ಅವನ ಕೋಣೆಯಲ್ಲಿ. ಮಗಳದ್ದು ಫೋನು ನೋಡುತ್ತಾ ಸೋಫಾದಲ್ಲಿ. ನನ್ನದು ಅಡಿಗೆ ಕಟ್ಟೆಯ ಬಳಿ ನಿಂತುಕೊಂಡೇ.

ಆಗ ನನಗೆ ನೆನಪಾದದ್ದು ಊರಿನ ನಮ್ಮ ಮನೆಯ ಮೇಜು. ತಂದೆಯವರು 24 ವರ್ಷ ಸೌದಿಯಲ್ಲಿ ದುಡಿದರು. ಆ ದುಡ್ಡಿನಿಂದ ಮನೆ ಎದ್ದಿತು. ತೇಗದ ಮರದ, ಎಂಟು ಜನ ಕೂರುವ ಊಟದ ಮೇಜು ಬಂತು. ನೆರೆಕರೆಯ ಹೆಂಗಸರು ನೋಡಲು ಬಂದಿದ್ದರು. ಮೇಜಿನ ತಲೆಭಾಗದ ಕುರ್ಚಿ ತಂದೆಯವರದ್ದು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಅವರು ಅದರಲ್ಲಿ ಕೂರುತ್ತಿದ್ದರು. ಉಳಿದ ದಿನಗಳಲ್ಲಿ ಅದರ ಮೇಲೆ ಇಸ್ತ್ರಿಯಾಗದ ಬಟ್ಟೆಗಳ ರಾಶಿ. ನಾವು ಮಕ್ಕಳು, ಉಮ್ಮ ಅಡಿಗೆ ಕೋಣೆಯಲ್ಲಿ ಚಾಪೆ ಹಾಸಿಯೇ ಉಣ್ಣುತ್ತಿದ್ದೆವು. "ಅವರಿಲ್ಲದೆ ಆ ಮೇಜಿನಲ್ಲಿ ಊಟ ಸೇರುವುದಿಲ್ಲ" ಎಂದು ಉಮ್ಮ ಒಮ್ಮೆ ಹೇಳಿದ್ದರು. ನನಗಾಗ ಅರ್ಥವಾಗಿರಲಿಲ್ಲ.

ತಂದೆಯವರನ್ನು ನಾನು ದೂರುತ್ತಿಲ್ಲ. ಅವರ ಬೆವರಿನಿಂದಲೇ ನಾನು ಓದಿದೆ, ಇಲ್ಲಿಯವರೆಗೆ ಬಂದೆ. ಅಲ್ಲಾಹನು ಅವರಿಗೆ ಅತ್ಯುತ್ತಮ ಪ್ರತಿಫಲ ನೀಡಲಿ. ಹಿತ್ತಲಲ್ಲೇ ಕಾರ್ಯಾಗಾರ ಕಟ್ಟುವ ಅವಕಾಶ ಅವರಿಗಿರಲಿಲ್ಲ. ಕರಾವಳಿಯ ಎಷ್ಟು ಮನೆಗಳಲ್ಲಿ ಇಂದಿಗೂ ಅಂತಹ ಖಾಲಿ ಕುರ್ಚಿಗಳಿವೆ! ಆದರೆ ನನ್ನ ಮನೆಯಲ್ಲಿ ಎಲ್ಲರೂ ಇದ್ದಾರೆ. ಒಂದೇ ಸೂರಿನಡಿ ಇದ್ದೂ ನಾಲ್ಕು ಕಡೆ ಉಣ್ಣುತ್ತಿದ್ದೇವೆ. ನಮಗೆ ಯಾವ ನೆಪವಿದೆ?

"ನಾಲ್ವರು. ಇನ್ಶಾ ಅಲ್ಲಾಹ್, ಇನ್ನು ಮುಂದೆ" ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ತಲೆದೂಗಿದರು. ನಾಲ್ಕು ಜನರ ಸಾದಾ ಮೇಜು, ಅತಿಥಿಗಳು ಬಂದರೆ ನಡುವೆ ಎರಡು ಹಲಗೆ ಸೇರಿಸಿ ಎಂಟು ಮಂದಿಗೆ ಉದ್ದ ಮಾಡಬಹುದು ಎಂದು ಸಲಹೆ ಕೊಟ್ಟರು. ಕೆತ್ತನೆ ಬೇಡವೆಂದೆ. ಬೆಲೆ ನಾನು ಎಣಿಸಿದ್ದಕ್ಕಿಂತ ಸಾಕಷ್ಟು ಕಡಿಮೆಯಾಯಿತು. ದೊಡ್ಡ ಮೇಜು ಮಾರುವ ಅವಕಾಶವನ್ನು ಅವರೇ ಕೈಬಿಟ್ಟಿದ್ದರು.

"ಹದಿನಾಲ್ಕು ವಾರ ಬೇಕು" ಎಂದರು.

ಮನೆಗೆ ಬಂದ ರಾತ್ರಿ ಎಲ್ಲರನ್ನೂ ಕರೆದು ಈ ಕಥೆ ಹೇಳಿದೆ. "ಹದಿನಾಲ್ಕು ವಾರ ಎಲ್ಲಿ ಕೂತು ಉಣ್ಣುವುದು?" ಎಂದು ಮಗಳು ತಮಾಷೆ ಮಾಡಿದಳು. ಕಪಾಟಿನಲ್ಲಿ ಉಮ್ಮ ಕೊಟ್ಟು ಕಳುಹಿಸಿದ್ದ ಸುಪ್ರ ಮಡಚಿದಂತೆಯೇ ಇತ್ತು. ಅದನ್ನು ನೆಲದಲ್ಲಿ ಹಾಸಿದೆ. ಫೋನುಗಳನ್ನು ಬಾಗಿಲ ಬಳಿಯ ಬುಟ್ಟಿಯಲ್ಲಿ ಹಾಕಿದೆವು. ಆಮಿಶರ ಫೋನಿನ ಗೂಡಿನಂತೆ! ಮೊದಲ ಎರಡು ದಿನ ಏನು ಮಾತಾಡುವುದೆಂದೇ ತಿಳಿಯಲಿಲ್ಲ. ಮೂರನೆಯ ದಿನ ಮಗ ತನ್ನ ಶಾಲೆಯಲ್ಲಿ ನಡೆದ ಒಂದು ಜಗಳದ ವಿಷಯ ಹೇಳಿದ. ಅದು ನಡೆದು ಎರಡು ತಿಂಗಳಾಗಿತ್ತಂತೆ.

ಮೇಜು ಇನ್ನೂ ಬಂದಿಲ್ಲ. ನಾವು ನಾಲ್ವರೂ ಸುಪ್ರದ ಸುತ್ತ ಕೂತು ಉಣ್ಣುತ್ತಿದ್ದೇವೆ. ಅಲ್‌ಹಮ್ದುಲಿಲ್ಲಾಹ್.